ತಿದ್ದಿದ ಮಾತು

"ಹೇಳದೆ ಕೇಳದೆ ತಿದ್ದೋದು ತಪ್ಪು ಸರ್," ಲ್ಯಾಪ್‌ಟಾಪಿನ ಪರದೆಯೊಳಗಿಂದ, ತಂತ್ರಾಂಶದ ತಪ್ಪು ಹುಡುಕುವ ಟೆಸ್ಟರ್ ಪಟ್ಟು ಹಿಡಿದಳು.

ಊಟದ ಮೇಜಿನ ಮುಂದೆ ಕೂತಿದ್ದ ತಂಡದ ಮುಖ್ಯಸ್ಥ ಆಕಳಿಸಿದ. ಅವರ ಕಂಪನಿ ಅಂಗಡಿಗಳ ಜಾಲತಾಣಗಳಿಗೆ ಹುಡುಕಾಟದ ಎಪಿಐ, ಅಂದರೆ ತೆರೆಮರೆಯಲ್ಲಿ ಹುಡುಕಿಕೊಡುವ ತಂತ್ರಾಂಶ, ಒದಗಿಸುತ್ತಿತ್ತು. ಗಿರಾಕಿ 'ಕಾಲು ಕಚ್ಚದ ಬೂಟು' ಎಂದು ಬರೆದರೆ, ಇವತ್ತು ಬಿಡುಗಡೆಯಾಗಬೇಕಿದ್ದ ಹೊಸ ಆವೃತ್ತಿ ಅದನ್ನು 'ಮೆತ್ತನೆಯ ಬೂಟು' ಎಂದು ತಿದ್ದಿಕೊಂಡು ಹುಡುಕುತ್ತಿತ್ತು. ಈ ತಿದ್ದುವಿಕೆ ಡಿಫಾಲ್ಟ್ ಆಗಿ, ಯಾರೂ ಕೇಳದಿದ್ದರೂ ತಾನಾಗಿಯೇ, ಆನ್ ಇರಬೇಕೋ, ಆಫ್ ಇರಬೇಕೋ? ತೀರ್ಮಾನ ಅವನದು. ಪರದೆಯಲ್ಲಿದ್ದ ತಂಡದವರೆಲ್ಲರೂ ಕಾಯುತ್ತಿದ್ದರು.

"ಆನ್ ಮಾಡೋದಾದ್ರೆ ತಿದ್ದಿದ್ದೀವಿ ಅಂತಾದ್ರೂ ತೋರಿಸೋಣ."

"ಯಾಕಮ್ಮಾ? ಒಳ್ಳೇ ಉತ್ತರ ಸಿಕ್ಕರೆ ಯಾರು ಕೇಳ್ತಾರೆ?"

"ಜನ ದಡ್ಡರಲ್ಲ ಸರ್. ಗೊತ್ತಾಗೇ ಆಗತ್ತೆ."

ಅಷ್ಟರಲ್ಲಿ ಎದುರಿಗಿದ್ದ ಅವನ ಅಮ್ಮ ಕಪ್ಪನ್ನು ಕುಕ್ಕಿದರು. "ಇದೇನು ಕಾಫಿನೋ, ಪಾತ್ರೆ ತೊಳೆದ ನೀರೋ? ಕೇಳು ಅವಳನ್ನ!"

ಅವನು ಮೈಕ್ ಬಂದ್ ಮಾಡಿ, ಕಾಫಿ ತಂದಿಟ್ಟು ಪಕ್ಕದಲ್ಲೇ ನಿಂತಿದ್ದ ಹೆಂಡತಿಯತ್ತ ತಿರುಗಿದ. ಅವಳದು ಬೇರೆ ಭಾಷೆ. ಮದುವೆಯಾದಾಗಿನಿಂದ ಅತ್ತೆ ಸೊಸೆಯ ನಡುವೆ ಅವನೇ ದುಭಾಷಿ. ಒಂದು ಮಾತು ಇದ್ದಹಾಗೇ ದಾಟಿದರೂ ಮನೆ ಎರಡು ಹೋಳು ಎಂಬುದು ಅವನ ಭಯ.

"ಕಾಫಿ ಹಗುರವಾಗಿದೆಯಂತೆ, ಹೊಟ್ಟೆಗೆ ಹಿತವಂತೆ," ಎಂದ ಅವಳ ಭಾಷೆಯಲ್ಲಿ.

"ಹಾಗಾದ್ರೆ ನಾಳೆಯಿಂದ ಅವರೇ ಮಾಡ್ಕೊಂಡು ಕುಡೀಲಿ," ಎಂದಳು ಹೆಂಡತಿ.

ಅಮ್ಮನಿಗೆ ಕೆಮ್ಮು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಾಳೆಯಿಂದ ನಿನ್ನ ಹತ್ರಾನೇ ಕಲೀತಾಳಂತೆ, ಅಮ್ಮಾ."

ಹೆಂಡತಿ ತುಟಿ ಕಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಕೆಮ್ಮುತ್ತಲೇ ಅಮ್ಮನೂ ಹಿಂದೆಯೇ ಹೋದರು. ಗುಡುಗಿಲ್ಲ, ಸಿಡಿಲಿಲ್ಲ. ಅವನು ಹಣೆಯ ಬೆವರು ಒರೆಸಿಕೊಂಡು ಮೈಕ್ ಹಾಕಿದ.

"ಆನ್ ಇರಲಿ. ತೋರಿಸೋದೂ ಬೇಡ. ಇದು ನಾನು ವರ್ಷಗಟ್ಟಲೆ ಪರೀಕ್ಷೆ ಮಾಡಿ ನೋಡಿರೋ ವಿಷಯ. ಒಬ್ಬರಿಗೂ ಸುಳಿವು ಸಿಗಲ್ಲ."

ಟೆಸ್ಟರ್ ನಿಟ್ಟುಸಿರು ಬಿಟ್ಟಳು. ಅವನು ಬಟನ್ ಒತ್ತಿದ. ಹೊಸ ಎಪಿಐ ಲೋಕಕ್ಕೆ ಬಿಡುಗಡೆಯಾಯಿತು.

ಗೆದ್ದ ಖುಷಿಯಲ್ಲಿ ನೀರು ಕುಡಿಯಲೆಂದು ಎದ್ದವನು ಅಡುಗೆಮನೆಯ ಬಾಗಿಲಲ್ಲೇ ನಿಂತ. ಒಳಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾತಾಡುತ್ತಿದ್ದುದು ಅಮ್ಮ. ಆದರೆ ಭಾಷೆ ಹೆಂಡತಿಯದು.

"ರಾತ್ರಿ ಊಟಕ್ಕೆ ಕೂತಾಗ ನಿನ್ನನ್ನ ಗೂಬೆ ಅಂತೀನಿ ಕಣೇ. ಏನಂತ ತಿದ್ತಾನೋ ನೋಡೋಣ!"

"ಕೋಗಿಲೆ ಅಂತಾರೆ ಅತ್ತೆ, ಪಂದ್ಯ ಕಟ್ಟಿ!" ಎಂದಳು ಸೊಸೆ, ಅತ್ತೆಯ ಭಾಷೆಯಲ್ಲಿ, ಒಂದಕ್ಷರವೂ ತಪ್ಪದೆ.