ಮರೆಪ್ಪನ ಸ್ಕೀ

ಮರೆಪ್ಪ ಕಾಶ್ಮೀರದ ಹಿಮಬೆಟ್ಟದಿಂದ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಎಷ್ಟು ಜೋರಾಗಿ ಇಳಿದಿದ್ದನೆಂದರೆ, ಅವನು ಪದಕ ಹಾಕಿಸಿಕೊಂಡು ಎರಡು ಲೋಟ ಚಹಾ ಕುಡಿದು ಮುಗಿಸಿದ ಮೇಲೆ ಅವನ ನೆರಳು ಏದುಸಿರು ಬಿಡುತ್ತ ಬಂದು ತಲುಪಿತ್ತು. ಅನ್ನಪೂರ್ಣೇಶ್ವರಿ ನಗರದಲ್ಲಿ ಇದನ್ನು ಕೇಳದವರಿಲ್ಲ. ನಂಬಿದವಳು ಒಬ್ಬಳೇ, ಪಕ್ಕದ ಮನೆಯ ರಕ್ಷಾ.

ಬರೀ ನಂಬಿದ್ದಲ್ಲ. ಸೈನ್ಯದಿಂದ ನಿವೃತ್ತನಾಗಿ ಬಂದ ಮರೆಪ್ಪನನ್ನೇ ಗುರು ಮಾಡಿಕೊಂಡು, ಎರಡು ವರ್ಷ ಬೆಳಬೆಳಗ್ಗೆ ನಾಗರಬಾವಿ ಕಡೆಯ ಇಳಿಜಾರು ರಸ್ತೆಯಲ್ಲಿ ಚಕ್ರದ ಸ್ಕೇಟ್ ಕಟ್ಟಿ ಹಾಲಿನ ವ್ಯಾನುಗಳನ್ನು ಹಿಂದೆ ಹಾಕಿದ್ದಳು. ಕಾಶ್ಮೀರದ ಗುಲ್ಮಾರ್ಗಿಗೆ ಹೋಗಿ ಒಂದು ತಿಂಗಳು ನಿಜವಾದ ಹಿಮದ ಮೇಲೆ ಕಲಿತು ಬಂದಿದ್ದಳು. ಇನ್ನು ನಾಲ್ಕು ದಿನಕ್ಕೆ ಅಲ್ಲೇ ರಾಜ್ಯದ ಸ್ಕೀ ತಂಡದ ಆಯ್ಕೆ ಓಟ. ಟಿಕೆಟ್ಟೂ ಆಗಿತ್ತು. ಇವತ್ತು ಮರೆಪ್ಪನ ಮನೆಗೆ ಬಂದವಳು ಸೋಫಾದ ಅಂಚಿನಲ್ಲಿ ಕೂತು, "ಸಾರ್, ನಾನು ಹೋಗಲ್ಲ," ಅಂದಳು.

"ಯಾಕಮ್ಮ?"

"ಭಯ. ಅಲ್ಲಿ ಒಂದ್ಸಲ ಜೋರಾಗಿ ಬಿದ್ದೆ, ನಿಮಗೆ ಹೇಳಿರ್ಲಿಲ್ಲ. ಆಮೇಲಿಂದ ಮೇಲೆ ನಿಂತು ಕೆಳಗೆ ನೋಡಿದ್ರೆ ಕಾಲೇ ಏಳಲ್ಲ. ಓಟ ಶುರುವಾಗೋ ಮುಂಚೆ ನೀವು ಏನ್ ಮಾಡ್ತಿದ್ರಿ ಸಾರ್?"

"ನಾನಾ? ಆಕಳಿಸ್ತಿದ್ದೆ! ಬೆಟ್ಟಾನೇ ನನ್ನ ನೋಡಿ ನಡುಗ್ತಿತ್ತು ಕಣಮ್ಮ. ಅದನ್ನ ಭೂಕಂಪ ಅಂತ ರೇಡಿಯೋದಲ್ಲೂ ಹೇಳ್ಬಿಟ್ರು."

ಅಡುಗೆಮನೆಯಲ್ಲಿ ಹೆಂಡತಿ ದಾನಮ್ಮ ಕೆಮ್ಮಿದಳು. ರಕ್ಷಾ ನಗಲಿಲ್ಲ. ಅವಳ ಕಣ್ಣು ಗೋಡೆಯ ಮೇಲಕ್ಕೆ ಹೋಯಿತು. ಅಲ್ಲಿ, ಸೂರಿಗೆ ತಾಗುವಂತೆ, ಮರೆಪ್ಪನ ಒಂದು ಜೊತೆ ಸ್ಕೀ ತೂಗುತ್ತಿದ್ದವು. ಆ ಮೊಳೆ ಹೊಡೆಯಲು ಅಗ್ನಿಶಾಮಕ ದಳದ ಏಣಿ ತರಿಸಬೇಕಾಯಿತೆಂದು ಅವನ ಹೇಳಿಕೆ. ಹಬ್ಬಕ್ಕೆ ಧೂಳು ಹೊಡೆಯಲೂ ಅವನು ಯಾರನ್ನೂ ಅಲ್ಲಿಗೆ ಹತ್ತಗೊಟ್ಟವನಲ್ಲ. ರಕ್ಷಾ ಸ್ಟೂಲ್ ಎಳೆದು ಹತ್ತಿ, ಒಂದನ್ನು ಇಳಿಸಿ, ಅವನನ್ನು ಎಬ್ಬಿಸಿ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದಳು. ಅವನ ಗದ್ದದ ತನಕವಷ್ಟೇ ಬಂತು.

"ಜೋರಾಗಿ ಇಳಿಯೋ ಓಟಕ್ಕೆ ಸ್ಕೀ ಆಳಿಗಿಂತ ಒಂದಡಿ ಉದ್ದ ಇರ್ಬೇಕು ಸಾರ್. ಗುಲ್ಮಾರ್ಗಲ್ಲಿ ಮೊದಲನೇ ದಿನಾನೇ ಹೇಳ್ಕೊಟ್ರು."

"ವಯಸ್ಸಾದ ಹಾಗೆ ಕುಗ್ಗುತ್ತಮ್ಮ, ನಮ್ ಥರಾನೇ..."

"ಅಂಚು ನೋಡಿ, ಸವೆದೇ ಹೋಗಿದೆ. ಇದು ನೇರ ಇಳಿದಿರೋದಲ್ಲ, ಅಡ್ಡಡ್ಡ ಜಾರಿರೋ ಸ್ಕೀ. ನಿಜ ಹೇಳಿ ಸಾರ್. ಸುಳ್ಳು ನಂಬ್ಕೊಂಡು ಅಷ್ಟೆತ್ತರದಿಂದ ನಾನು ಇಳಿಯಕ್ಕಾಗಲ್ಲ."

ಮರೆಪ್ಪ ಆ ಸ್ಕೀಯನ್ನು ಅವಳ ಕೈಯಿಂದ ತೆಗೆದುಕೊಂಡ. ಅವಳ ಮಾತು ಕೇಳಿ ದಾನಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ನಾನು ಒಂದು ಓಟಾನೂ ಓಡಿಲ್ಲ ಕಣಮ್ಮ," ಅಂದ ಅವನು. "ಓಟಕ್ಕೆ ಮುಂಚೆ ದಾರಿಯ ಹಿಮ ಒತ್ತಿ ಸಮ ಮಾಡೋರು ಇರ್ತಾರಲ್ಲ, ಅವರಲ್ಲಿ ನಾನೊಬ್ಬ. ಹನ್ನೊಂದು ಚಳಿಗಾಲ, ಅಡ್ಡಡ್ಡ ಜಾರ್ಕೊಂಡು ಆಮೆ ಥರ ಇಳಿದೆ. ಪ್ರತಿ ಸಲಾನೂ ಭಯ. ಇದೇ ಜಾಗದಲ್ಲಿ ಯಾರೋ ಜೋರಾಗಿ ಬರ್ತಾರೆ ಅಂತ ಒಂದೊಂದು ಅಡೀನೂ ಕಾಲಲ್ಲಿ ತಟ್ಟಿ ನೋಡ್ತಿದ್ದೆ."

ಸವೆದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ನಾಲ್ಕು ದಿನ ಬಿಟ್ಟು ನೀನು ಮೇಲೆ ನಿಂತ್ಕೊಂಡಾಗ, ನಿನಗಿಂತ ಮುಂಚೆ ನನ್ನಂಥೋನು ಒಬ್ಬ ಇಳಿದಿರ್ತಾನೆ. ನಿನ್ನ ಪಾಲಿನ ಭಯಾನೂ ಅವನೇ ಪಟ್ಟಿರ್ತಾನೆ. ನೀನು ಜೋರಾಗಿ ಬಾ."