ಸಾಲಿನಲ್ಲಿ ನಿಂತ ಚಪ್ಪಲಿ

ಸೂರ್ಯಕಾಂತನ ಚಪ್ಪಲಿಗಳು ಗೊಬ್ಬರ ಕೊಡುವ ಕಿಟಕಿ ಮುಟ್ಟಿದವು. ಲಿಂಗಂಪಲ್ಲಿ ಹಳ್ಳಿಯಾಚೆಯ ಆ ಡಿಪೊದೆದುರು ನಸುಕಿನಿಂದಲೂ ಸಾಲಿನಲ್ಲಿದ್ದದ್ದು ಚಪ್ಪಲಿಗಳೇ. ರೈತರೆಲ್ಲ ಬೇವಿನ ನೆರಳಲ್ಲಿ ಅಡ್ಡಾಗಿದ್ದರು. ಸಾಲು ಸರಿದಾಗಲೆಲ್ಲ ಸಾಲಿನಲ್ಲಿ ಹಿಂದಿದ್ದ ಅಮರೇಶಪ್ಪ ಎದ್ದು ಬಂದು, ತನ್ನದರ ಜೊತೆ ಸೂರ್ಯಕಾಂತನ ಜೋಡನ್ನೂ ಕಾಲಿನಿಂದ ಮುಂದೆ ತಳ್ಳಿದ್ದ.

"ಸಬ್ಸಿಡಿ ಯೂರಿಯಾಕ್ಕ ಹೊಲ ಯಾರ ಹೆಸರಿಗೈತಿ ಅವರೇ ಈ ಮಷೀನಿನ ಮ್ಯಾಲ ಹೆಬ್ಬೆಟ್ಟು ಒತ್ತಬೇಕು," ಎಂದ ಗುಮಾಸ್ತ, ಕಿಟಕಿಗೆ ಬಂದ ಸೂರ್ಯಕಾಂತನ ಹೆಂಡತಿ ಗುರುಬಾಯಿಗೆ. "ಗಂಡನ್ನ ಎಬ್ಬಿಸಮ್ಮ. ಇದು ಕಡೀ ಚೀಲ."

ಅವಳು ಮರದಡಿ ಹೋಗಿ ಗಂಡನ ಭುಜ ಅಲುಗಿಸಿದಳು. ಮುಖದ ಮೇಲಿನ ಟವೆಲ್ ಸರಿಸಿ ಮೂಗಿನ ಬಳಿ ಬೆರಳಿಟ್ಟಳು. ಉಸಿರು ತಾಗಲಿಲ್ಲ. ಟವೆಲನ್ನು ಮತ್ತೆ ಎಳೆದು ಮುಚ್ಚಿದಳು.

"ಏನಾತವ್ವ?" ಅಮರೇಶಪ್ಪ ಕೂಗಿ ಕೇಳಿದ.

ಗುರುಬಾಯಿ ಗಂಡನ ಹೆಬ್ಬೆರಳನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಮಷೀನು ಇಲ್ಲಿಗೇ ತರ್ರಿ," ಎಂದಳು. "ಅವರಿಗೆ ಭಾಳ ನಿದ್ದಿ ಹತ್ತೇತಿ."