ಎಂಟು ದಿನದ ಯಜಮಾನ

ಮೊದಲ ಮೂಟೆ ಹೊರಬಿದ್ದಾಗ ಲೇಸರ್ ಗುಂಪರ್ಟ್ ಕಿಟಕಿಯಲ್ಲೇ ನಿಂತಿದ್ದ. ಕೆಳಗೆ ಓಣಿಯಲ್ಲಿ ಓಣಿಯವರಿಗೆ ಕುದಿನೀರು ಮಾರುವ ಬಿಸಿನೀರಿನ ಅಂಗಡಿಯ ಗಾವ್, ಗುಂಪರ್ಟನ ಬೇಕರಿಯ ಉಗ್ರಾಣದ ಬೀಗ ತೆಗೆದು, ಗೋಧಿಹಿಟ್ಟಿನ ಮೂಟೆಯನ್ನು ಹೆಗಲಿಗೇರಿಸಿಕೊಂಡು ಹೊರಟಿದ್ದ. ಹೊರಟಿದ್ದಾದರೂ ಎಲ್ಲಿಗೆ? ಎದುರಿಗೇ, ಶಾವಿಗೆ ಅಂಗಡಿಯ ಲೂ ಅಕ್ಕನ ಹಿತ್ತಿಲ ಬಾಗಿಲಿಗೆ.

"ಕಳ್ಳ," ಎಂದ ಗುಂಪರ್ಟ್.

"ಯಾರ ಹಿಟ್ಟು ಅದು?" ಎಂದಳು ಹೆಂಡತಿ ಯೆಟ್ಟೆ, ಹಬ್ಬದೂಟಕ್ಕೆ ತಟ್ಟೆ ಜೋಡಿಸುತ್ತ.

ಹಿಟ್ಟು ಗಾವನದೇ. ಬೆಳಿಗ್ಗೆ ಗುಂಪರ್ಟ್ ತಾನೇ ಕೈಯಾರೆ ಮಾರಿದ್ದ.

ಯೆಹೂದಿಗಳ ಹಬ್ಬ ಅಂಥದ್ದು. ಎಂಟು ದಿನ ಉಬ್ಬಿದ ರೊಟ್ಟಿ ತಿನ್ನುವಂತಿಲ್ಲ. ಹಿಟ್ಟು ಮನೆಯಲ್ಲೂ ಇರಬಾರದು, ಹೆಸರಿನಲ್ಲೂ ಇರಬಾರದು. ಇಟ್ಟುಕೊಂಡರೆ ಹಬ್ಬ ಮುಗಿದ ಮೇಲೂ ಆ ಹಿಟ್ಟಿನ ರೊಟ್ಟಿಯನ್ನು ಯೆಹೂದಿ ಗಿರಾಕಿ ಮುಟ್ಟುವುದಿಲ್ಲ. ಹಾಗಾಗಿ ಬೇಕರಿಯವನು ಬೇರೆ ಧರ್ಮದವನೊಬ್ಬನನ್ನು ಹುಡುಕಿ ಹಿಟ್ಟು ಮಾರುತ್ತಾನೆ, ಎಂಟು ದಿನ ಕಳೆದ ಮೇಲೆ ವಾಪಸು ಕೊಳ್ಳುತ್ತಾನೆ. ವಿಯೆನ್ನಾದಲ್ಲಿದ್ದಾಗ ಗುಂಪರ್ಟ್ ಕೆಳಮನೆಯ ಪೊಲೀಸನಿಗೆ ಮಾರುತ್ತಿದ್ದ. ಕೊನೆಯ ವರ್ಷ ಆ ಪೊಲೀಸ್ ಹಿಟ್ಟನ್ನೂ ವಾಪಸು ಕೊಡಲಿಲ್ಲ, ಬೇಕರಿಯನ್ನೂ ಕೊಡಲಿಲ್ಲ. ಆಮೇಲೆ ದೊಡ್ಡ ದೊಡ್ಡ ದೇಶಗಳೆಲ್ಲ, ನ್ಯಾಯ ನೀತಿ ಅಂತ ಊರಿಗೆಲ್ಲ ಉಪದೇಶ ಮಾಡುವ ದೇಶಗಳೆಲ್ಲ, ಇವನ ಮುಖದ ಮೇಲೆ ಬಾಗಿಲು ಹಾಕಿಕೊಂಡವು. ಹಡಗಿನಿಂದ ಇಳಿಸಿಕೊಂಡದ್ದು ಶಾಂಘೈ ಒಂದೇ.

ಇಲ್ಲಿ ಈಗ ಯುದ್ಧ. ಹಿಟ್ಟಿಗೆ ಚಿನ್ನದ ಬೆಲೆ. ಆ ಮೂಟೆಗಳು ಹೋದರೆ ಒಲೆ ಆರಿತು, ಗುಂಪರ್ಟ್ ಬೀದಿಗೆ ಬಿದ್ದ.

ರಬ್ಬಿಗಳು ಮೊದಲೇ ಕೇಳಿದ್ದರು. "ಕೊಳ್ಳೋನು ಬೇರೆ ಧರ್ಮದವನು ತಾನೆ?"

"ಅದರಲ್ಲೇನು ಅನುಮಾನ ಗುರುಗಳೇ? ಹಂದಿ ಮಾಂಸ ಮುಟ್ಟಲ್ಲ. ಮುಸಲ್ಮಾನ ಇರಬೇಕು. ಮಸೀದಿಗೆ ಹೋಗಿದ್ದು ಮಾತ್ರ ನಾನು ಕಂಡಿಲ್ಲ, ಸೋಮಾರಿ."

"ಸರಿ. ಮಾರಿದ ಮೇಲೆ ಅದು ಅವನದು. ಕೇಳೋ ಹಾಗಿಲ್ಲ, ಇಣುಕೋ ಹಾಗಿಲ್ಲ. ಬಾಯಿ ಬಿಟ್ಟೆಯೋ, ಮಾರಿದ್ದು ನಾಟಕ ಅಂತಾಯ್ತು. ಹಿಟ್ಟೆಲ್ಲ ಹೊಳೆಗೆ ಸುರೀಬೇಕಾಗತ್ತೆ."

ಗಾವ್ ಕೂಡ ಸುಲಭಕ್ಕೆ ಒಪ್ಪಿರಲಿಲ್ಲ. ತಲೆ ಕೆರೆದುಕೊಂಡಿದ್ದ. "ಈ ಹುಣ್ಣಿಮೆಯಿಂದಲೇನಾ ಮೇಸ್ತ್ರಿ? ಹುಣ್ಣಿಮೆ ಕಳೀಲಿ, ಇನ್ನೊಂದು ಹತ್ತು ದಿನ ಬಿಟ್ಟು ಕೊಂಡ್ರೆ ಆಗಲ್ವಾ?"

"ಇವತ್ತೇ ಆಗಬೇಕು ಗಾವಣ್ಣ. ನೆರೆಮನೆಯವನಿಗೆ ಇಷ್ಟೂ ಮಾಡಲ್ವಾ?"

ಗಾವ್ ಆಕಾಶ ನೋಡಿದ, ನೆಲ ನೋಡಿದ, ಕೊನೆಗೆ ಒಂದು ತಾಮ್ರದ ಕಾಸು ಇಟ್ಟು ಬೀಗದ ಕೈ ತಗೊಂಡ. ಲಾಭದ ಲೆಕ್ಕ ಹಾಕುತ್ತಿದ್ದಾನೆ ಎಂದು ಗುಂಪರ್ಟನಿಗೆ ಆಗಲೇ ಹೊಳೆಯಬೇಕಿತ್ತು.

ಎಂಟು ದಿನ ಗುಂಪರ್ಟ್ ಕೆಂಡದ ಮೇಲೆ ಕೂತಿದ್ದ. ಎದುರುಗಡೆ ಶಾವಿಗೆ ಬೇಯುವ ಘಮ. ಲೂ ಅಕ್ಕನ ಅಂಗಡಿಯ ಮುಂದೆ ಜನ ಸಾಲುಗಟ್ಟಿದ್ದರು. ಒಮ್ಮೆ ಅವಳೇ ಕರೆದಳು.

"ಏನ್ ಮೇಸ್ತ್ರಿ, ಹಬ್ಬದಲ್ಲಿ ಹಿಂಗ್ ಸೊರಗೋದಾ?"

"ನಿನ್ನ ವ್ಯಾಪಾರ ಭರ್ಜರಿ ನಡೀತಿದೆಯಲ್ಲಮ್ಮ."

"ಏನೋ, ನಿಮ್ಮಂಥವರ ದಯೆ."

ಗುಂಪರ್ಟ್ ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿದ.

ಗಾವನ ಚಾಳಿಯೂ ಬದಲಾಗಿತ್ತು. ದಿನಾ ಬೆಳಿಗ್ಗೆ ಹಬೆಯಲ್ಲಿ ಬೆಂದ ಮುಷ್ಟಿಗಾತ್ರದ ಬನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದವನು, ಈಗ ಒಲೆಯ ಹಿಂದೆ ಗೋಡೆಗೆ ಮುಖ ಮಾಡಿ ಕೂತು, ಒಣಗಿದ್ದೇನನ್ನೋ ಮುರಿದು ಕಟಕಟ ಅಗಿಯುತ್ತಿದ್ದ.

"ನೋಡೇ, ಗಂಟಲಲ್ಲಿ ಇಳೀತಿಲ್ಲ ಅವನಿಗೆ. ತಿಂದ ಪಾಪ ಅದು."

"ನಮ್ಮ ಗಂಟಲಲ್ಲೂ ಇಳೀತಿಲ್ಲ," ಎಂದಳು ಯೆಟ್ಟೆ, ಹಬ್ಬದ ಚಪ್ಪಟೆ ರೊಟ್ಟಿಯನ್ನು ನೀರಿನ ಜೊತೆ ನುಂಗುತ್ತ.

ಎಂಟನೆಯ ಸಂಜೆ ನಕ್ಷತ್ರ ಮೂಡಿತೋ ಇಲ್ಲವೋ, ಗುಂಪರ್ಟ್ ಬಿಸಿನೀರಿನ ಅಂಗಡಿಯಲ್ಲಿದ್ದ.

"ಗಾವಣ್ಣ, ನನ್ನ ಹಿಟ್ಟು ವಾಪಸು ಕೊಳ್ತೀನಿ."

"ನನ್ನ ಹತ್ರ ಎಲ್ಲಿದೆ ಮೇಸ್ತ್ರಿ? ಅವತ್ತೇ ಸಂಜೆ ಮಾರಿಬಿಟ್ಟೆ."

ಗುಂಪರ್ಟ್ ಅವನ ಕೊರಳಪಟ್ಟಿಗೆ ಕೈ ಹಾಕಿದ. "ಅಲ್ಲಿ ಪೊಲೀಸು, ಇಲ್ಲಿ ನೀನು. ಎಲ್ಲ ಒಂದೇ ಜಾತಿ."

"ಕೈ ಬಿಡಿ ಮೇಸ್ತ್ರಿ," ಎಂದಳು ಬಾಗಿಲಲ್ಲಿ ಬಂದು ನಿಂತ ಲೂ ಅಕ್ಕ. "ಬಂದು ನೋಡಿ, ಆಮೇಲೆ ಹೊಡೆದಾಡಿ."

ಅವಳ ಹಿತ್ತಿಲ ಕೋಣೆಯಲ್ಲಿ ಮೂಟೆಗಳೆಲ್ಲ ಒಟ್ಟಿದ ಹಾಗೇ ಇದ್ದವು. ಒಂದರ ಹೊಲಿಗೆಯೂ ಬಿಚ್ಚಿರಲಿಲ್ಲ.

"ಒಂದು ಕಾಸಿಗೆ ಮಾರಿದ. ಎಂಟು ದಿನ ಬಿಟ್ಟು ವಾಪಸು ಕೊಡಬೇಕಂತೆ, ಅಲ್ಲೀವರೆಗೆ ಇದು ನಂದಂತೆ. ಮನೆ ತುಂಬ ಹಿಟ್ಟಿಟ್ಕೊಂಡು, ಕಾಳಸಂತೇಲಿ ಹಿಟ್ಟು ತಂದು ಶಾವಿಗೆ ಒತ್ತಿದೀನಿ ನಾನು, ನಿಮ್ಮಿಬ್ಬರ ಹುಚ್ಚಿಗೆ."

ಗುಂಪರ್ಟ್ ಗಾವನ ಅಂಗಿಯ ಸುಕ್ಕನ್ನು ತಾನೇ ನೇವರಿಸಿ ಸರಿಮಾಡಿದ. ಅವನ ದನಿ ಇಳಿದಿತ್ತು. "ಅಲ್ಲ ಗಾವಣ್ಣ, ನಿನ್ನ ಹತ್ರಾನೇ ಇಟ್ಕೊಳ್ಳೋದಕ್ಕೆ ಏನಾಗಿತ್ತು?"

ಗಾವ್ ತನ್ನ ಕಾಲಬೆರಳು ನೋಡಿಕೊಂಡ. "ನಗಬಾರದು ಮೇಸ್ತ್ರಿ. ನೆರೆಮನೆಯವನು ಅಂದ್ರಲ್ಲ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಆದರೆ ನಮ್ಮೂರು ಕೈಫೆಂಗಿನಲ್ಲಿ ನಮ್ಮ ಮನೆಯವರದ್ದು ಒಂದು ಪದ್ಧತಿ, ಯಾವ ಕಾಲದಲ್ಲೋ ಪಡುವಣದಿಂದ ಬಂದ ಮುತ್ತಜ್ಜಂದಿರು ಮಾಡಿಟ್ಟಿದ್ದಂತೆ: ಈ ಹುಣ್ಣಿಮೆಯಿಂದ ಎಂಟು ದಿನ ಉಬ್ಬಿದ ರೊಟ್ಟಿ ತಿನ್ನಬಾರದು, ಹಿಟ್ಟು ನಮ್ಮ ಹೆಸರಲ್ಲೂ ಇರಬಾರದು. ಯಾಕೆ ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ."